ಎರೆಮಣ್ಣಿಗೊಬ್ಬ ಪೂಜಾರಿಣಿ: ಪ್ಲೇಯರ್ಸ್ ಹ್ಯಾಂಡ್‌ಬುಕ್ ಹಳೆಯದು, ಹೊಸದು ಎರಡನ್ನೂ ಬಳಸಿ ನೋಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಪ್ಲೇಯರ್ಸ್ ಹ್ಯಾಂಡ್‌ಬುಕ್ ನಮ್ಮ ಮನೆಯಲ್ಲಿ ಎರಡಿವೆ. ಒಂದು 2014ರದು, ಐದನೆಯ ಆವೃತ್ತಿ ಶುರುವಾದಾಗ ಬಂದದ್ದು. ಇನ್ನೊಂದು 2024ರ ಸೆಪ್ಟೆಂಬರ್‌ನಲ್ಲಿ ಬಂದ ಪರಿಷ್ಕೃತ ಪುಸ್ತಕ, 384 ಪುಟ. ಹಳೆಯದನ್ನು ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾಗ ಕೊಂಡಿದ್ದೆ. ಕೈಯಿಂದ ಕೈಗೆ ಓಡಾಡಿ ಅದರ ಬೆನ್ನು ಬಿಟ್ಟುಹೋಗಿದೆ, ಎರಡು ಸಲ ಫೆವಿಕಾಲ್ ಹಚ್ಚಿದ್ದೇನೆ. ಹೊಸದನ್ನು ಆನ್‌ಲೈನಿನಲ್ಲಿ ತರಿಸಿದೆ. ಮೂಲೆ ಜಜ್ಜಿಕೊಂಡೇ ಬಂತು, ಮಾರಿದವರಿಗೆ ಫೋಟೊ ಕಳಿಸಿದರೂ ಬದಲಿಸಿಕೊಡಲಿಲ್ಲ. ಮೂರು ಸಾವಿರದ ಮೇಲೆ ಕೊಟ್ಟ ಪುಸ್ತಕ ಹಾಗೆ ಬಂದರೆ ಹೊಟ್ಟೆ ಉರಿಯುತ್ತದೆ. ಆದರೆ ಅದು ಪುಸ್ತಕದ ತಪ್ಪಲ್ಲ, ಅಲ್ಲಿಗೇ ಬಿಡುತ್ತೇನೆ.

ಇಡೀ ಪುಸ್ತಕದ ಬಗ್ಗೆ ಬರೆಯಲು ಕೂತಿಲ್ಲ. ಒಂದೇ ಕೆಲಸಕ್ಕೆ ಈ ಎರಡು ಪುಸ್ತಕ ಎಷ್ಟು ಉಪಯೋಗಕ್ಕೆ ಬಂದವು ಅನ್ನುವುದನ್ನು ಹೇಳಬೇಕಾಗಿದೆ: ನೆಲವನ್ನು, ಗಿಡವನ್ನು, ಮಳೆಯನ್ನು ಪೂಜಿಸುವ ಒಂದು ಪಾತ್ರವನ್ನು ಕಟ್ಟುವುದು. ಕಲಬುರಗಿಯಲ್ಲಿ ಕೂತು, ಕನ್ನಡದಲ್ಲಿ ಆಡುತ್ತಾ, ನಮ್ಮ ಕಪ್ಪು ನೆಲದ ಪಾತ್ರ ಕಟ್ಟುವುದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು 1974ರಿಂದ ಇರುವ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಶುರುಮಾಡಿದ್ದು. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಡಿಎಂ ಅನ್ನುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಏನು ಮಾಡುತ್ತೇವೆ ಅಂತ ಹೇಳುತ್ತಾರೆ. ಆಗುತ್ತದೋ ಇಲ್ಲವೋ ಅನ್ನುವ ಕಡೆ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ನಮ್ಮಲ್ಲಿ ಡಿಎಂ ನಾನು. ಹಗಲು ಕಪನೂರದ ಕಡೆ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ, ರವಿವಾರ ಸಂಜೆ ಮಾಳಿಗೆಯ ಮೇಲೆ ಆಟ. ಬೇಸಿಗೆಯಲ್ಲಿ ಕಲ್ಲು ಆರಲಿ ಅಂತ ಎಂಟರ ನಂತರವೇ ಹತ್ತುತ್ತೇವೆ. ಮಾಳಿಗೆಗೆ ಹಾಸಿರುವುದು ಶಹಾಬಾದ ಪರಸಿ. ಅದರ ಮೇಲೆ ಸೀಮೆಸುಣ್ಣದಿಂದ ಒಂದೊಂದು ಇಂಚಿನ ಚೌಕ ಎಳೆದರೆ ನಕಾಶೆ ತಯಾರು, ಒಂದು ಚೌಕ ಅಂದರೆ ಐದು ಅಡಿ. ಲೆಕ್ಕ ಇಡಲು ತೊಗರಿ ಕಾಳು. ಒಡೆಯದ ಕೆಂಪು ಕಾಳು ಹಿಟ್ ಪಾಯಿಂಟ್‌ಗೆ, ಅಂದರೆ ಪಾತ್ರದ ಜೀವಬಲಕ್ಕೆ. ಬೇಳೆ ಸ್ಪೆಲ್‌ಗೆ, ಅಂದರೆ ಮಂತ್ರಕ್ಕೆ. ನಡುವೆ ಅವ್ವ ಸುಸಲಾ, ಮಿರ್ಚಿ ಭಜಿ ಕಳಿಸುತ್ತಾಳೆ.

ಪಾತ್ರ ಕಟ್ಟಲು ಕೂತವಳು ನಮ್ಮ ಕಾಕನ ಮಗಳು. ಇಲ್ಲೇ ಕೃಷಿ ಕಾಲೇಜಿನಲ್ಲಿ ಓದುತ್ತಾಳೆ. ಆಳಂದ ತಾಲ್ಲೂಕಿನ ನಮ್ಮೂರಿನ ಹೊಲದಲ್ಲಿ ಕಳೆ ತೆಗೆದು ಬೆಳೆದವಳು. ಆಟದಲ್ಲಿ ಪ್ರಕೃತಿಯ ಪೂಜಾರಿಗೆ ಡ್ರೂಯಿಡ್ ಅನ್ನುತ್ತಾರೆ. ಹಳೆಯ ಪುಸ್ತಕದ ಡ್ರೂಯಿಡ್ ಪುಟಗಳನ್ನು ಅವಳ ಮುಂದಿಟ್ಟೆ. ಒಂದು ತಾಸು ಓದಿ ಕೇಳಿದಳು:

“ಅಣ್ಣಾ, ಇದ್ರಾಗ ಎಲ್ಲಾ ಅಡವಿನೇ ಅದ. ಹೊಲ ಎಲ್ಲಿ ಅದ?”

ಅವಳ ಪ್ರಶ್ನೆಯೇ ಈ ಬರಹಕ್ಕೆ ಮೂಲ. ಡ್ರೂಯಿಡ್ ಅನ್ನುವ ಹೆಸರು ಗಾಲ್, ಬ್ರಿಟನ್, ಐರ್ಲೆಂಡಿನ ಕೆಲ್ಟ್ ಜನರ ಪುರೋಹಿತರದು. ರೋಮಿನ ಪ್ಲಿನಿ ಬರೆದಿದ್ದಾನೆ, ಅವರು ಓಕ್ ಮರದ ಮೇಲೆ ಬೆಳೆದ ಮಿಸಲ್‌ಟೋ ಅನ್ನುವ ಗಿಡವನ್ನು ಬಂಗಾರದ ಕುಡುಗೋಲಿನಿಂದ ಕೊಯ್ಯುತ್ತಿದ್ದರು ಅಂತ. ಆಟಕ್ಕೆ ಈ ಡ್ರೂಯಿಡ್ ಆಡಬಹುದಾದ ಪಾತ್ರವಾಗಿ ಬಂದದ್ದು 1976ರಲ್ಲಿ. ಅಲ್ಲಿಂದ ಇಲ್ಲಿಯವರೆಗೂ ಆ ಮರ, ಆ ಗಿಡ, ಆ ಕುಡುಗೋಲು ಪುಸ್ತಕದಲ್ಲಿ ಉಳಿದುಕೊಂಡಿವೆ. ಅವರ ನಾಡಿನಲ್ಲಿ ಪ್ರಕೃತಿ ಅಂದರೆ ಕಾಡು, ಊರು ಅದಕ್ಕೆ ಎದುರಾಳಿ. ನಮಗೂ ಕಾಡಿದೆ. ಚಿಂಚೋಳಿಯ ಅರಣ್ಯಕ್ಕೆ 2011ರಲ್ಲಿ ವನ್ಯಧಾಮದ ಪಟ್ಟ ಸಿಕ್ಕಿತು, ಸುಮಾರು 135 ಚದರ ಕಿಲೋಮೀಟರ್. ಆದರೆ ಅದು ಜಿಲ್ಲೆಯ ಒಂದು ಮೂಲೆ. ನಮ್ಮವರು ಕಾಯಿ ಒಡೆದು ಕೈ ಮುಗಿಯುವುದು ಉತ್ತ ಹೊಲಕ್ಕೆ. ಎಳ್ಳಮಾವಾಸ್ಯೆಗೆ ಜೋಳದ ಕಣಿಕೆಯ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರು ಅಂತ ಕೂಡಿಸಿ, ಭಜ್ಜಿ, ಅಂಬಲಿ, ಸಜ್ಜಿ ಕಡಬಿನ ಎಡೆ ಹಿಡಿದು, ಹೊಲದ ಸುತ್ತ ಚರಗ ಚೆಲ್ಲುತ್ತೇವೆ. ನಮಗೆ ದೇವರು ನೆಲದಲ್ಲಿ, ಬೆಳೆಯಲ್ಲಿ. ಅಂಥ ನೆಲದ ಪೂಜಾರಿಣಿ ಈ ಪುಸ್ತಕದಿಂದ ಹುಟ್ಟಲು ಸಾಧ್ಯವೇ?

ಸಾಧ್ಯ. ಆದರೆ ಪುಸ್ತಕ ಅದನ್ನು ಮುಂದಿಟ್ಟು ತೋರಿಸುವುದಿಲ್ಲ, ನಾವೇ ಹುಡುಕಿ ತೆಗೆಯಬೇಕು.

ಮೊದಲು ನೆಲದ ಆಯ್ಕೆ. ಪಾತ್ರ ಬೆಳೆದಂತೆ ಏರುವ ಮೆಟ್ಟಿಲಿಗೆ ಲೆವೆಲ್ ಅನ್ನುತ್ತಾರೆ. ಹಳೆಯ ಪುಸ್ತಕದಲ್ಲಿ ಎರಡನೆಯ ಲೆವೆಲ್‌ಗೆ ಡ್ರೂಯಿಡ್ ಒಂದು ಸರ್ಕಲ್, ಅಂದರೆ ಒಂದು ಪಂಗಡ, ಸೇರಬೇಕು. ಸರ್ಕಲ್ ಆಫ್ ದಿ ಲ್ಯಾಂಡ್ ಸೇರಿದವರು ತಾವು ದೀಕ್ಷೆ ಪಡೆದ ನೆಲ ಯಾವುದು ಅಂತ ಒಂದೇ ಸಲ ಹೇಳಬೇಕು, ಆಮೇಲೆ ಅದೇ ಅವರ ನೆಲ. ಹಿಮ, ಕಡಲತೀರ, ಮರುಭೂಮಿ, ಕಾಡು, ಹುಲ್ಲುಗಾವಲು, ಬೆಟ್ಟ, ಜೌಗು, ಪಾತಾಳ ಅಂತ ಎಂಟು ಬಗೆ. ಎರೆ ಹೊಲ ಇಲ್ಲ. ಹುಲ್ಲುಗಾವಲು ಹತ್ತಿರದ್ದು ಅಂತ ನೋಡಿದರೆ ಅದಕ್ಕೆ ಕೊಟ್ಟಿರುವ ಸ್ಪೆಲ್‌ಗಳು ಮಾಯವಾಗುವುದು, ಹೆಜ್ಜೆ ಗುರುತು ಬಿಡದೆ ಹೋಗುವುದು ಇಂಥವು. ಬೇಟೆಗಾರನಿಗೆ ಸರಿ. ರಾಶಿ ಮಾಡುವವರಿಗೆ ಅದರಿಂದ ಏನಾಗಬೇಕು?

ಹಾಗಾಗಿ ಒಂಬತ್ತನೆಯ ನೆಲವೊಂದನ್ನು ನಾವೇ ಬರೆದೆವು. ಪ್ರತಿ ನೆಲಕ್ಕೂ ಮೂರು, ಐದು, ಏಳು, ಒಂಬತ್ತನೆಯ ಲೆವೆಲ್‌ಗೆ ಎರಡೆರಡು ಸ್ಪೆಲ್ ಇರುತ್ತವೆ. ಆ ಲೆಕ್ಕ ಕೆಡಿಸದೆ, ಪುಸ್ತಕದಲ್ಲಿ ಇರುವ ಸ್ಪೆಲ್‌ಗಳನ್ನೇ ಆರಿಸಿದೆವು. ಮೂರಕ್ಕೆ ಸ್ಪೈಕ್ ಗ್ರೋತ್ ಮತ್ತು ಗಸ್ಟ್ ಆಫ್ ವಿಂಡ್. ಮೊದಲನೆಯದು ನೆಲದ ತುಂಬ ಮುಳ್ಳು ಎಬ್ಬಿಸುತ್ತದೆ, ನಮಗದು ಜಾಲಿ. ಎರಡನೆಯದು ಅರವತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಗಾಳಿ. ಕಣದಲ್ಲಿ ತೊಗರಿ ತೂರುವವರು ಗಾಳಿಗಾಗಿ ಮೊರ ಹಿಡಿದು ಅರ್ಧ ದಿನ ಕಾದದ್ದನ್ನು ನೋಡಿದವರಿಗೆ ಈ ಸ್ಪೆಲ್‌ನ ಬೆಲೆ ಗೊತ್ತು. ಐದಕ್ಕೆ ಪ್ಲಾಂಟ್ ಗ್ರೋತ್, ಅನ್ನ ನೀರು ಹುಟ್ಟಿಸುವ ಕ್ರಿಯೇಟ್ ಫುಡ್ ಅಂಡ್ ವಾಟರ್. ಏಳಕ್ಕೆ ಗಿಡ ಒಣಗಿಸುವ ಬ್ಲೈಟ್, ಬಿಸಿಲುಗುದುರೆಯಂತೆ ನೆಲವನ್ನು ಬೇರೆಯಾಗಿ ಕಾಣಿಸುವ ಹ್ಯಾಲುಸಿನೇಟರಿ ಟೆರೈನ್. ಒಂಬತ್ತಕ್ಕೆ ಕೀಟಗಳ ಮೋಡ ಎಬ್ಬಿಸುವ ಇನ್ಸೆಕ್ಟ್ ಪ್ಲೇಗ್, ನೆಲದೊಂದಿಗೆ ಮಾತಾಡುವ ಕಮ್ಯೂನ್ ವಿತ್ ನೇಚರ್. ಒಣಗಿಸುವುದನ್ನು, ಹುಳ ಎಬ್ಬಿಸುವುದನ್ನು ಬೇಕೆಂದೇ ಇಟ್ಟುಕೊಂಡಳು ತಂಗಿ. ನೆಟೆ ರೋಗ ಬಿದ್ದ ತೊಗರಿ ಹೊಲ ನೋಡಿದವಳು ಅವಳು. ಕೊಡುವ ನೆಲಕ್ಕೆ ಕಿತ್ತುಕೊಳ್ಳುವುದೂ ಗೊತ್ತು, ಪೂಜಾರಿಣಿಗೂ ಗೊತ್ತಿರಬೇಕು ಅಂದಳು.

ಪಾತ್ರದ ಹೆಸರು ಎರೆಯವ್ವ. ವಯಸ್ಸು ಅರವತ್ತರ ಮೇಲೆ. ವಿದ್ಯೆ ಬಂದದ್ದು ಅತ್ತೆಯಿಂದ ಸೊಸೆಗೆ. 1978ರ ಹಳೆಯ ನಿಯಮದಲ್ಲಿ ದೊಡ್ಡ ಡ್ರೂಯಿಡ್ ಆಗಲು ಈಗಿರುವ ದೊಡ್ಡ ಡ್ರೂಯಿಡ್‌ನನ್ನು ಕಾದಾಡಿ ಸೋಲಿಸಬೇಕಿತ್ತಂತೆ ಅಂತ ಹೇಳಿದೆ. ತಂಗಿ ಒಪ್ಪಲಿಲ್ಲ. “ಅತ್ತಿನ ಹೊಡೆದು ಯಾವ ಸೊಸಿ ಹೊಲ ಕಲಿತಾಳ?” ಅಂದಳು. ಪಾತ್ರದ ಆರು ಗುಣಗಳಿಗೆ ಅಂಕಿ ಹಂಚುವಾಗಲೂ ಹಟ ಹಿಡಿದಳು. ಪುಸ್ತಕದ ಸಿದ್ಧ ಅಂಕಿಗಳು 15, 14, 13, 12, 10, 8. ಡ್ರೂಯಿಡ್‌ಗೆ ವಿಸ್‌ಡಮ್, ಅಂದರೆ ವಿವೇಕ, 15 ಇಟ್ಟು ಶಕ್ತಿಗೆ 8 ಇಡುವುದು ಎಲ್ಲರ ರೂಢಿ. ಮುದುಕಿ ಅಂದಮೇಲೆ ಇನ್ನೂ ಸರಿಯಾಯಿತಲ್ಲ ಅಂತ ನಾನೂ ಹೇಳಿದೆ. ಅವಳು ಶಕ್ತಿಗೆ 13 ಇಟ್ಟಳು. ನಲವತ್ತು ವರ್ಷ ಜೋಳ ಕೊಯ್ದ ತೋಳು ಅದು ಅಂದಳು. 8 ಹೋದದ್ದು ಕರಿಸ್ಮಾಗೆ: ಎರೆಯವ್ವ ಯಾರಿಗೂ ಸಿಹಿಮಾತು ಆಡುವವಳಲ್ಲ. ಆಯುಧ ಕುಡುಗೋಲು. ನಾಲ್ಕು ಮುಖದ ದಾಳದಷ್ಟೇ ಪೆಟ್ಟು, ಆದರೂ ಡ್ರೂಯಿಡ್‌ಗೆ ಪುಸ್ತಕ ಒಪ್ಪುವ ಆಯುಧಗಳಲ್ಲಿ ಅದಿದೆ ಅನ್ನುವುದೇ ನನಗೆ ಖುಷಿ.

ಈಗ ನಾನು ಈ ಪುಸ್ತಕವನ್ನು ಯಾಕೆ ಇಷ್ಟು ಹಚ್ಚಿಕೊಂಡೆ ಅನ್ನುವುದಕ್ಕೆ ಬರುತ್ತೇನೆ. ಪ್ಲಾಂಟ್ ಗ್ರೋತ್ ಅನ್ನುವ ಸ್ಪೆಲ್ ಅದಕ್ಕೆ ಕಾರಣ. ಎಲ್ಲರೂ ಅದರ ಮೊದಲ ಉಪಯೋಗವನ್ನಷ್ಟೇ ಓದುತ್ತಾರೆ: ಕ್ಷಣದಲ್ಲಿ ಗಿಡಗಂಟಿ ದಟ್ಟವಾಗಿ ಬೆಳೆದು ಶತ್ರುವಿನ ಕಾಲು ಸಿಕ್ಕಿಕೊಳ್ಳುತ್ತದೆ. ಅದರ ಕೆಳಗೆ ಎರಡನೆಯ ಉಪಯೋಗವಿದೆ. ಎಂಟು ತಾಸು ಕೂತು ಮಾಡಿದರೆ ಮಧ್ಯದಿಂದ ಸುತ್ತಲೂ ಅರ್ಧ ಮೈಲಿಯ ಒಳಗಿನ ಎಲ್ಲ ಬೆಳೆ ಒಂದು ವರ್ಷದ ಮಟ್ಟಿಗೆ ಎರಡರಷ್ಟು ಫಸಲು ಕೊಡುತ್ತದೆ. ಅಷ್ಟೇ, ಮೂರೇ ವಾಕ್ಯ. ಹೊಸ ಪುಸ್ತಕದಲ್ಲೂ ಇದೆ.

ಲೆಕ್ಕ ಬರೆಯುವವನ ಕಣ್ಣಿಗೆ ಇದು ಬಿದ್ದರೆ ಸುಮ್ಮನಿರಲು ಆಗುವುದಿಲ್ಲ. ಮಧ್ಯದಿಂದ ಅರ್ಧ ಮೈಲಿ ಅಂದರೆ ಐನೂರು ಎಕರೆ. ಆಟದ ಊರಿಗೆ ನಾನು ಎರೆ ಹೊಲಕ್ಕೆ ಎಕರೆಗೆ ಐದು ಕ್ವಿಂಟಲ್, ಮಡ್ಡಿ ನೆಲಕ್ಕೆ ಎರಡು ಕ್ವಿಂಟಲ್ ತೊಗರಿ ಅಂತ ಇಟ್ಟಿದ್ದೆ. ಒಂದು ದಿನದ ಮಂತ್ರಕ್ಕೆ ಎರೆಯಲ್ಲಿ ಎರಡೂವರೆ ಸಾವಿರ ಕ್ವಿಂಟಲ್ ಹೆಚ್ಚು. ಐದನೆಯ ಲೆವೆಲ್‌ನ ಒಬ್ಬ ಡ್ರೂಯಿಡ್ ಇಡೀ ಹೋಬಳಿಯ ಹಸಿವು ನೀಗಬಲ್ಲಳು. ಹಾಗಿದ್ದರೆ ಅವಳ ಬಾಗಿಲಿಗೆ ಯಾರು ಬರುತ್ತಾರೆ? ಯಾರು ಮೊದಲು? ಯಾರಿಗೆ ಇಲ್ಲ ಅನ್ನುತ್ತಾಳೆ?

ಆ ರವಿವಾರ ಪರಸಿಯ ಮೇಲೆ ಊರಿನ ನಕಾಶೆ ಬರೆದೆ. ಬಡಗಣಕ್ಕೆ ಹಳ್ಳದ ದಂಡೆಯ ಎರೆ ಹೊಲ, ಗೌಡರವು. ತೆಂಕಣಕ್ಕೆ ಮಡ್ಡಿ, ತುಂಡು ತುಂಡು ಹೊಲದವರದು. ದಾರಕ್ಕೆ ಸೀಮೆಸುಣ್ಣ ಕಟ್ಟಿ ಅರ್ಧ ಮೈಲಿಯ ವೃತ್ತ ಎಳೆದು ತೋರಿಸಿದೆ, ಎರಡೂ ಕಡೆ ಕೂಡಿ ಅದರೊಳಗೆ ಬರುವುದಿಲ್ಲ. ನಾನು ಗೌಡನಾಗಿ ಮಾತಾಡಿದೆ: ಎರೆಯಲ್ಲಿ ಮಾಡಿದರೆ ಎರಡೂವರೆ ಸಾವಿರ, ಮಡ್ಡಿಯಲ್ಲಿ ಮಾಡಿದರೆ ಬರೀ ಸಾವಿರ. ಊರಿಗೆ ಯಾವುದು ಲಾಭ ನೀನೇ ಹೇಳವ್ವಾ. ಲೆಕ್ಕ ಸರಿಯಾಗಿಯೇ ಇತ್ತು. ನಿಜ ಹೇಳಬೇಕೆಂದರೆ ಅದು ನನ್ನ ಲೆಕ್ಕವೂ ಆಗಿತ್ತು. ತಂಗಿ ಬಹಳ ಹೊತ್ತು ನಕಾಶೆ ನೋಡಿದಳು. ಆಮೇಲೆ ಎರೆಯವ್ವನ ದನಿಯಲ್ಲಿ ಹೇಳಿದಳು:

“ಗೌಡ್ರ, ನಿಮ್ಮ ರಾಶಿ ಎರಡಾದ್ರ ನೀವು ಇನ್ನೊಂದು ಹಗೇವು ತೋಡಸ್ತೀರಿ. ಮಡ್ಡಿಯವ್ರ ರಾಶಿ ಎರಡಾದ್ರ ಅವ್ರ ಮಕ್ಕಳು ಬ್ಯಾಸಗ್ಯಾಗ ಊರು ಬಿಡಂಗಿಲ್ಲ. ನಾ ಕ್ವಿಂಟಲ್ ಎಣಿಸ್ಲಾಕ ಬಂದಿಲ್ರಿ. ಮನಿ ಎಣಿಸ್ಲಾಕ ಬಂದೀನಿ.”

ಎರಡು ತಾಸು ಆ ಮಾತುಕತೆ ನಡೆಯಿತು. ಒಂದು ದಾಳವೂ ಉರುಳಲಿಲ್ಲ. ಇಷ್ಟು ವರ್ಷ ಆಡಿಸಿದ್ದರಲ್ಲಿ ನನ್ನ ಮನಸ್ಸಿನಲ್ಲಿ ಉಳಿದ ಸಂಜೆ ಅದು.

ಆಮೇಲೆ ಅವಳು ಇನ್ನೊಂದು ಕೇಳಿದಳು: ಆ ಎಂಟು ತಾಸು ಎರೆಯವ್ವ ಏನು ಮಾಡುತ್ತಾಳೆ? ಪುಸ್ತಕ ಅದನ್ನು ಹೇಳುವುದಿಲ್ಲ. ವೃತ್ತದ ಅಂಚು ಅಳೆದೆವು, ಹತ್ತಿರ ಹತ್ತಿರ ಐದು ಕಿಲೋಮೀಟರ್. ತಲೆಯ ಮೇಲೆ ಬುಟ್ಟಿ ಹೊತ್ತು, ನಸುಕಿನಲ್ಲಿ ಹೊರಟು, ಹೆಜ್ಜೆ ಹೆಜ್ಜೆಗೆ ಚರಗ ಚೆಲ್ಲುತ್ತಾ, ಬದುವಿನ ಮೇಲೆ ಕೂತು ಒಂದು ತುತ್ತು ಉಂಡು, ಮತ್ತೆ ನಡೆದು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೊದಲಿನ ಕಲ್ಲಿಗೆ ಬಂದು ಮುಟ್ಟುವುದು. ಎಂಟು ತಾಸು ಸರಿಯಾಗಿ ಹಿಡಿಯುತ್ತದೆ. ಎಲ್ಲಿಯದೋ ಪುಸ್ತಕದ ಅಂಕಿ ನಮ್ಮೂರ ಎಳ್ಳಮಾವಾಸ್ಯೆಯ ನಡಿಗೆಗೆ ಹೀಗೆ ಹೊಂದಿಕೊಂಡದ್ದು ನೋಡಿ ನನಗೆ ಮೈ ಜುಮ್ಮೆಂದಿತು.

ಪ್ರಕೃತಿಯ ಪೂಜಾರಿಯನ್ನು ಕಟ್ಟಲು ಕೂತವರಿಗೆ ನನ್ನ ಒಂದೇ ಸಲಹೆ ಇದು: ಯಾವ ಪ್ರಾಣಿಯಾಗಬಲ್ಲೆ ಅನ್ನುವುದರಿಂದ ಶುರುಮಾಡಬೇಡಿ. ಈ ನೆಲದ ಅನ್ನ ಯಾರು ಉಣ್ಣುತ್ತಾರೆ, ಯಾರ ಋಣ ನಿಮ್ಮ ಮೇಲಿದೆ ಅನ್ನುವುದರಿಂದ ಶುರುಮಾಡಿ. ಪುಸ್ತಕ ಇದಕ್ಕೆ ತಿರುವುಮುರುವಾಗಿದೆ. ಚಿತ್ರವೂ ಪ್ರಾಣಿಯದು, ಮಾತೂ ಪ್ರಾಣಿಯದು. ವೈಲ್ಡ್ ಶೇಪ್ ಅಂದರೆ ಮೃಗರೂಪ ತಾಳುವ ಶಕ್ತಿ. ಎಲ್ಲರೂ ತೋಳ, ಕರಡಿ ಅಂತ ಓಡುತ್ತಾರೆ. ತೋಳ ನಮ್ಮದೂ ಹೌದು, ಕುರಿಗಾಹಿಗಳನ್ನು ಕೇಳಿದರೆ ಹೇಳುತ್ತಾರೆ. ಆದರೆ ಹಳೆಯ ಪುಸ್ತಕದ ಹಿಂದಿರುವ ಪ್ರಾಣಿಗಳ ಪಟ್ಟಿಯಲ್ಲಿ ಸಿಂಹ, ಹುಲಿ, ಮೊಸಳೆ, ಶಾರ್ಕ್ ಮೀನು ಕೂಡ ಇವೆ. ಎತ್ತು ಇಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಹಸಿ ಮಣ್ಣಿನಲ್ಲಿ ಜೋಡಿ ಎತ್ತು ಮಾಡಿ ಜಗುಲಿಯ ಮೇಲಿಟ್ಟು ಪೂಜಿಸುವ ಜನಕ್ಕೆ ಈ ಕೊರತೆ ಸಣ್ಣದಲ್ಲ.

ಅದಕ್ಕೆ ನಿಯಮದಲ್ಲಿರುವ ಬಂಡಿ ಎಳೆಯುವ ಕುದುರೆಯ ಅಂಕಿಗಳನ್ನೇ ತೆಗೆದುಕೊಂಡು ಎತ್ತು ಅಂತ ಕರೆದೆವು. ಶಕ್ತಿ 18, ಹಿಟ್ ಪಾಯಿಂಟ್ 19. ಹೊರುವ ಭಾರ 540 ಪೌಂಡ್, ಬಂಡಿಗೆ ಹೂಡಿದರೆ ಅದರ ಐದು ಪಟ್ಟು, ಅಂದರೆ 2,700 ಪೌಂಡ್. ನಮ್ಮ ಲೆಕ್ಕದಲ್ಲಿ ಹನ್ನೆರಡು ಕ್ವಿಂಟಲ್, ಬಂಡಿಯ ತೂಕವೂ ಸೇರಿ. ಎರೆಯವ್ವ ಎತ್ತಾಗಿದ್ದು ಒಂದೇ ಸಲ. ಹಸಿ ಎರೆಯಲ್ಲಿ ಗಾಲಿ ಹೂತು ನಿಂತ ಬಂಡಿಯಲ್ಲಿ ಒಬ್ಬ ಬಾಣಂತಿ ಇದ್ದಳು, ಜೋಡಿಯಲ್ಲಿ ಒಂದೆತ್ತು ಬಿದ್ದಿತ್ತು. ಮುದುಕಿ ನೊಗಕ್ಕೆ ಹೆಗಲು ಕೊಟ್ಟಳು. ಮಳೆ ಬಿದ್ದ ಎರೆ ಹೊಲದಲ್ಲಿ ನಡೆದವರಿಗೆ ಡಿಫಿಕಲ್ಟ್ ಟೆರೈನ್ ಅನ್ನುವ ನಿಯಮವನ್ನು ವಿವರಿಸುವ ಅಗತ್ಯವೇ ಇಲ್ಲ. ಒಂದೊಂದು ಚಪ್ಪಲಿಗೆ ಸೇರು ಸೇರು ಮಣ್ಣು ಮೆತ್ತಿಕೊಂಡು ಮೂವತ್ತು ಅಡಿ ನಡೆಯುವವರು ಹದಿನೈದು ನಡೆಯುತ್ತಾರೆ. ಆರನೆಯ ಲೆವೆಲ್‌ಗೆ ಈ ಸರ್ಕಲ್‌ನ ಡ್ರೂಯಿಡ್‌ಗೆ ಅಂಥ ನೆಲ ತಡೆಯುವುದಿಲ್ಲ, ಮುಳ್ಳೂ ಚುಚ್ಚುವುದಿಲ್ಲ. ಆ ಲೆವೆಲ್ ಬಂದ ದಿನ ತಂಗಿ ಹೇಳಿದ್ದು: “ಇವತ್ತಿಂದ ಎರೆ ನಮ್ಮವ್ವನ ಪಾದ ಹಿಡಿಯಂಗಿಲ್ಲ.”

ಸಣ್ಣಪುಟ್ಟವು ಸಲೀಸಾಗಿ ಒಗ್ಗಿದವು. ಗುಡ್‌ಬೆರಿ ಸ್ಪೆಲ್‌ಗೆ ಹತ್ತು ಹಣ್ಣು ಹುಟ್ಟುತ್ತವೆ, ಒಂದು ತಿಂದರೆ ಒಂದು ದಿನದ ಊಟ. ನಮ್ಮಲ್ಲಿ ಅವು ಬಾರಿಹಣ್ಣು. ಅದಕ್ಕೆ ಬೇಕಾದ ಮಿಸಲ್‌ಟೋ ಬದಲು ಬೇವಿನ ಮರದ ಬದನಿಕೆ. ಅದೂ ಮಿಸಲ್‌ಟೋದಂತೆ ಇನ್ನೊಂದು ಮರದ ರಸ ಕುಡಿದು ಬದುಕುವ ಗಿಡ. ಡ್ರೂಯಿಡ್‌ಕ್ರಾಫ್ಟ್ ಅನ್ನುವ ಎಲ್ಲಕ್ಕಿಂತ ಸಣ್ಣ ಮಂತ್ರ ಮುಂದಿನ 24 ತಾಸಿನ ಹವೆ ತಿಳಿಸುತ್ತದೆ. ಎಷ್ಟು ಸಲ ಮಾಡಿದರೂ ಖರ್ಚಿಲ್ಲ. ಬಿತ್ತಿದ ಮೇಲೆ ಮುಗಿಲು ನೋಡುತ್ತಾ ಕೂರುವ ಊರಿನಲ್ಲಿ ಅದೊಂದಿದ್ದರೆ ಸಾಕು, ಆಕೆಯನ್ನು ಕರೆದು ಕೂಡಿಸುತ್ತಾರೆ.

ಹುಳದ ಸಂಜೆಯನ್ನೂ ಹೇಳಬೇಕು. ಹೂವಿಗೆ ಬಂದ ತೊಗರಿಗೆ ಮಾಟದ ಕಾಯಿಕೊರಕ ಬಿದ್ದಿದೆ ಅಂತ ಕಥೆ ಇಟ್ಟಿದ್ದೆ. ಯಾದಗಿರಿಯ ಗೆಳೆಯನದು ಯೋಧನ ಪಾತ್ರ, ಸುಟ್ಟುಬಿಡೋಣ ಅಂದ. ತಂಗಿ ಅವನ ಕಡೆ ತಿರುಗಿ ನೋಡಿದ ನೋಟಕ್ಕೇ ಆ ಮಾತು ನಿಂತಿತು. ಹೊಲದ ಒಂದು ತುದಿಗೆ ಊರವರನ್ನು ತಾಡಪಾಲು ಹಿಡಿಸಿ ನಿಲ್ಲಿಸಿದಳು. ಇನ್ನೊಂದು ತುದಿಯಿಂದ ಗಾಳಿ ಬಿಟ್ಟು, ಸಾಲು ಸಾಲಾಗಿ ಗಿಡ ಅಲ್ಲಾಡಿಸಿ ಹುಳ ಉದುರಿಸಿದಳು. ಉಳಿದವನ್ನು ತಿನ್ನಲು ಸ್ಪೀಕ್ ವಿತ್ ಆ್ಯನಿಮಲ್ಸ್ ಹಾಕಿ ಹಕ್ಕಿಗಳೊಂದಿಗೆ ಹತ್ತು ನಿಮಿಷ ಚೌಕಾಸಿ ಮಾಡಿದಳು: ಕೂರಲು ಸಾಲಿನ ನಡುವೆ ಕೋಲು ನೆಡಿಸುತ್ತೇನೆ, ಗೂಡಿಗೆ ಕೈ ಹಚ್ಚಗೊಡುವುದಿಲ್ಲ. ಇದು ಬರೀ ಕಲ್ಪನೆಯಲ್ಲ. ಗಿಡ ಅಲ್ಲಾಡಿಸಿ ಹುಳ ಉದುರಿಸುವುದು, ಹಕ್ಕಿ ಕೂರಲು ಕೋಲು ನೆಡುವುದು ನಮ್ಮ ರೈತರು ನಿಜವಾಗಿ ಮಾಡುವ ಕೆಲಸ. ಪುಸ್ತಕದ ಎರಡು ಸಾಧಾರಣ ಸ್ಪೆಲ್ ಅದಕ್ಕೆ ಸಾಕಾದವು.

ಪುಸ್ತಕದಲ್ಲಿ ಪ್ರಕೃತಿ ಪೂಜಾರಿಗೆ ಇನ್ನೊಂದು ದಾರಿಯೂ ಇತ್ತು. ಹಳೆಯದರಲ್ಲಿ ಕ್ಲೆರಿಕ್ ಅನ್ನುವ ಪುರೋಹಿತ ಪಾತ್ರಕ್ಕೆ ನೇಚರ್ ಡೊಮೇನ್ ಅಂತ ಒಂದು ಶಾಖೆಯಿದೆ. ಬೀದರಿನ ಗೆಳೆಯ ಅದನ್ನು ಆರಿಸಿಕೊಂಡ. ಕಾರಣವೂ ಬೀದರಿನದೇ. ಹಳೆಯ ನಿಯಮದ ಡ್ರೂಯಿಡ್ ಲೋಹದ ಕವಚ ತೊಡುವುದಿಲ್ಲ, ಲೋಹದ ಢಾಲು ಹಿಡಿಯುವುದಿಲ್ಲ. ಲೋಹ ಪ್ರಕೃತಿಯ ಹೊರಗಿನದು ಅನ್ನುವ ಭಾವ. ಗೆಳೆಯ ಇದನ್ನು ಒಪ್ಪುವವನಲ್ಲ. ಬಿದರಿ ಕೆಲಸದಲ್ಲಿ ಸತು ತಾಮ್ರದ ಪಾತ್ರೆಗೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಹೊಳೆಯುತ್ತದೆ. ಲೋಹಕ್ಕೆ ಬಣ್ಣ ಕೊಡುವುದೇ ಮಣ್ಣು. ಅವನ ಪೂಜಾರಿಯ ಢಾಲು ಕಪ್ಪು, ಅದರ ಮೇಲೆ ಬೆಳ್ಳಿಯ ಬಳ್ಳಿ. ನೇಚರ್ ಡೊಮೇನ್ ಭಾರವಾದ ಕವಚವನ್ನೂ ಕೊಡುತ್ತದೆ, ಡ್ರೂಯಿಡ್‌ನ ಒಂದು ಸಣ್ಣ ಮಂತ್ರವನ್ನೂ ಕೊಡುತ್ತದೆ. ಅವನು ಕಾಯುವುದು ನೆಲದಡಿಯ ನೀರು. ನೌಬಾದಿನ ಸುರಂಗ ಬಾವಿಯಲ್ಲಿ ಬಹಮನಿ ಕಾಲದವರು ನೆಲದೊಳಗೆ ತೋಡಿದ ಕಾಲುವೆಯನ್ನು ನೋಡಿ ಬಂದು ಆ ಪಾತ್ರ ಬರೆದ. ಅವನ ಗುಡಿ ಒಂದು ಗಾಳಿಕಿಂಡಿ, ಬಗ್ಗಿ ಕಿವಿ ಕೊಟ್ಟರೆ ಕೆಳಗೆ ಹರಿವ ಸದ್ದು.

2024ರ ಪುಸ್ತಕದಲ್ಲಿ ಈ ಡೊಮೇನ್ ಇಲ್ಲ. ಕ್ಲೆರಿಕ್‌ಗೆ ಲೈಫ್, ಲೈಟ್, ಟ್ರಿಕರಿ, ವಾರ್ ನಾಲ್ಕೇ. ಹಳೆಯ ಡೊಮೇನನ್ನು ಹೊಸ ನಿಯಮದಲ್ಲಿ ಬಳಸಲು ಅಡ್ಡಿಯಿಲ್ಲ, ಮೂರನೆಯ ಲೆವೆಲ್‌ವರೆಗೆ ಕಾಯಬೇಕು ಅಷ್ಟೆ. ಆದರೆ ಹೊಸದನ್ನು ಮಾತ್ರ ಕೊಳ್ಳುವವರಿಗೆ ಆ ದಾರಿ ಇತ್ತು ಅನ್ನುವುದೇ ತಿಳಿಯುವುದಿಲ್ಲ. ಇದು ನನಗೆ ನೋವಿನ ವಿಷಯ.

ಇನ್ನೂ ದೊಡ್ಡ ತಕರಾರು ನೆಲದ್ದು. ಹೊಸ ಪುಸ್ತಕದ ಸರ್ಕಲ್ ಆಫ್ ದಿ ಲ್ಯಾಂಡ್‌ನಲ್ಲಿ ಎಂಟು ನೆಲ ಹೋಗಿ ನಾಲ್ಕಾಗಿವೆ: ಒಣ, ಹಿಮ, ಸಮಶೀತೋಷ್ಣ, ಉಷ್ಣ. ಅದಿರಲಿ. ರಾತ್ರಿ ಮಲಗಿ ಎದ್ದಾಗಲೆಲ್ಲ ನೆಲ ಬದಲಿಸಿಕೊಳ್ಳಬಹುದು. ನಿನ್ನೆ ಮರುಭೂಮಿಯ ಪೂಜಾರಿ, ಇವತ್ತು ಹಿಮದ ಪೂಜಾರಿ. ಆಟಕ್ಕೆ ಅನುಕೂಲ, ನಿಜ, ಯಾವ ಕಥೆಯಲ್ಲೂ ಪಾತ್ರ ಕೈಕಟ್ಟಿ ಕೂರಬೇಕಾಗಿಲ್ಲ. ಆದರೆ ಎರೆಯವ್ವ ಎಲ್ಲಿ ಉಳಿದಳು? ನೆಲದ ಪೂಜಾರಿಯನ್ನು ಪೂಜಾರಿ ಮಾಡುವುದೇ ಆ ಒಂದು ನೆಲ ಬಿಟ್ಟರೆ ಬೇರೆ ಗತಿಯಿಲ್ಲ ಅನ್ನುವುದು. ಬರ ಬಂದರೆ ಊರವರು ಗುಳೆ ಹೋಗಬಹುದು, ಆಕೆ ಹೋಗುವಂತಿಲ್ಲ. ಆ ಕಟ್ಟುಪಾಡನ್ನು ತೆಗೆದರೆ ಉಳಿಯುವುದು ಬರೀ ಸ್ಪೆಲ್‌ಗಳ ಪಟ್ಟಿ. ನಮ್ಮ ಮಾಳಿಗೆಯ ಮೇಲೆ ಆ ನಿಯಮ ನಡೆಯುವುದಿಲ್ಲ ಅಂತ ಮೊದಲ ದಿನವೇ ಹೇಳಿದೆ, ಯಾರೂ ಎದುರಾಡಲಿಲ್ಲ.

ಹೊಸದರಲ್ಲಿ ಒಳ್ಳೆಯವೂ ಇವೆ, ಹೇಳದಿದ್ದರೆ ತಪ್ಪಾಗುತ್ತದೆ. ಮೃಗರೂಪದ ನಿಯಮ ಬಹಳ ಸುಧಾರಿಸಿದೆ. ಎರಡನೆಯ ಲೆವೆಲ್‌ಗೆ ನಾಲ್ಕು ರೂಪ ಆರಿಸಿ ಬರೆದಿಟ್ಟುಕೊಂಡರಾಯಿತು, ಆಟದ ನಡುವೆ ಪುಟ ತಿರುವುತ್ತಾ ಕೂರಬೇಕಿಲ್ಲ. ಪ್ರಾಣಿಗಳೊಂದಿಗೆ ಮಾತಾಡುವ ಸ್ಪೆಲ್ ಡ್ರೂಯಿಡ್‌ಗೆ ಯಾವಾಗಲೂ ತಯಾರಿರುತ್ತದೆ. ಲೋಹದ ನಿಷೇಧ ಹೋಗಿದೆ. ಮೊದಲ ಲೆವೆಲ್‌ಗೇ ಮಂತ್ರದ ಕಡೆಯೋ ಕಾವಲಿನ ಕಡೆಯೋ ಅಂತ ಆರಿಸಬಹುದು. ಇವನ್ನೆಲ್ಲ ಹೊಸದರಿಂದ ತೆಗೆದುಕೊಂಡು, ನೆಲದ ನಿಯಮವನ್ನು ಹಳೆಯದರಿಂದ ಉಳಿಸಿಕೊಂಡು ಆಡುತ್ತಿದ್ದೇವೆ.

ದೇವರ ಹೆಸರಿನ ವಿಷಯ ಒಂದಿದೆ. ಹಳೆಯ ಪುಸ್ತಕದ ಕೊನೆಗೆ ಗ್ರೀಕ್, ಕೆಲ್ಟ್, ನಾರ್ಸ್, ಈಜಿಪ್ಟಿನ ದೇವರುಗಳ ಪಟ್ಟಿಯಿದೆ. ಹಾಗಾದರೆ ನಮ್ಮವರನ್ನೂ ಬರೆಯೋಣ ಅಂತ ಮೊದಲಿಗೆ ಅನ್ನಿಸಿತ್ತು. ಸುಸಲಾ ಕೊಡಲು ಮೇಲೆ ಬಂದ ಅವ್ವ ಕೇಳಿಸಿಕೊಂಡು ನಿಂತಳು. “ನಡಿ ನುಡಿ ಏನರ ತಗೋರಿ, ದೇವ್ರ ಹೆಸರ ದಾಳದ ಮುಂದ ತರಬ್ಯಾಡ್ರಪ್ಪ” ಅಂದಳು. ಅವಳ ಮಾತು ಸರಿ ಅನ್ನಿಸಿತು. ಗುರ್ಜಿ ಹೊತ್ತ ಹುಡುಗಿಯೊಬ್ಬಳು ಎರೆಯವ್ವನ ಶಿಷ್ಯೆಯಾಗಿದ್ದಾಳೆ, ತಲೆಯ ಮೇಲೆ ರೊಟ್ಟಿ ಹಂಚು, ಹಂಚಿನಲ್ಲಿ ಸಗಣಿ, ಸಗಣಿಗೆ ಸಿಕ್ಕಿಸಿದ ಗರಿಕೆ, ಮನೆ ಮನೆಯವರು ನೀರು ಸುರಿದು ಅವಳ ಜಡೆಯಿಂದ ತೊಟ್ಟಿಕ್ಕುವ ನೀರು. ಆದರೆ ಅವಳು ಹೊತ್ತದ್ದಕ್ಕೆ ನಮ್ಮ ಆಟದಲ್ಲಿ ಹೆಸರಿಲ್ಲ. ಸೀಮೆ ಅನ್ನುತ್ತೇವೆ, ಅಷ್ಟೇ.

ಕೊಳ್ಳುವವರಿಗೆ: ಪ್ರಕೃತಿಯ ಪೂಜಾರಿಗಾಗಿಯೇ ಕೊಳ್ಳುವುದಾದರೆ 2014ರದು ಎಲ್ಲಿಯಾದರೂ ಹಳೆಯ ಪ್ರತಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ದುಡ್ಡು ಹಾಕುವ ಮೊದಲು ಓದಿ ನೋಡಬೇಕು ಅನ್ನುವವರಿಗೆ ಎಸ್‌ಆರ್‌ಡಿ 5.1 ಅನ್ನುವ ನಿಯಮಗಳ ಕಡತ ಪುಕ್ಕಟೆ ಇದೆ. ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಅದನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಿಟ್ಟರು. ಡ್ರೂಯಿಡ್, ಸರ್ಕಲ್ ಆಫ್ ದಿ ಲ್ಯಾಂಡ್, ಪ್ಲಾಂಟ್ ಗ್ರೋತ್ ಎಲ್ಲ ಅದರಲ್ಲಿವೆ. ನೇಚರ್ ಡೊಮೇನ್ ಮಾತ್ರ ಇಲ್ಲ, ಕ್ಲೆರಿಕ್‌ಗೆ ಲೈಫ್ ಒಂದೇ. ಮೂಲವನ್ನು ನಮೂದಿಸಿದರೆ ಅನುವಾದಿಸಿ ಹಂಚಲು ಆ ಪರವಾನಗಿ ಒಪ್ಪುತ್ತದೆ. ತಂಗಿ, ನಾನು ಕೂಡಿ ಡ್ರೂಯಿಡ್‌ನ ಪುಟಗಳನ್ನು ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದೇವೆ. ಹದಿನೆಂಟನೆಯ ಲೆವೆಲ್‌ವರೆಗೆ ಬಂದಿದೆ. ಹತ್ತು ವರ್ಷಕ್ಕೆ ಮೈ ಒಂದೇ ವರ್ಷ ಮುಪ್ಪಾಗುತ್ತದೆ ಅನ್ನುವ ವರ ಅಲ್ಲಿದೆ. ಟೈಮ್‌ಲೆಸ್ ಬಾಡಿ ಅಂತ ಅದರ ಹೆಸರು. ಆ ಸಾಲಿಗೆ ಕನ್ನಡದಲ್ಲಿ ಏನು ಬರೆಯಬೇಕು ಅಂತ ಇನ್ನೂ ಒಪ್ಪಂದಕ್ಕೆ ಬಂದಿಲ್ಲ. ನಾನು ಚಿರದೇಹ ಅಂದೆ. ಅವಳು ಪೆನ್ಸಿಲಿನಲ್ಲಿ ಗೀಟು ಹಾಕಿ ಪಕ್ಕಕ್ಕೆ ಬರೆದಿದ್ದಾಳೆ: ಹುಣಸಿ ಮರದ ಮೈ.